ಕೊಳೆತ ಟ್ಯಾಂಕಿನ ಮೀನು ಉಳಿಸಬೇಕೆ? ಮೊದಲು ಬಕೆಟ್ ಕೆಳಗಿಡಿ

ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕ ವಾಸ್ತುವಿಗೆಂದು ಇಟ್ಟು ಮರೆತದ್ದು, ಬಾಡಿಗೆಯವರು ಖಾಲಿ ಮಾಡುವಾಗ ಬಿಟ್ಟುಹೋದದ್ದು, ಮೇ ರಜೆಗೆ ಊರಿಗೆ ಹೊರಟವರು ವಾಚ್‌ಮನ್‌ಗೆ ಒಪ್ಪಿಸಿದ್ದು. ಮಾಟುಂಗದಿಂದ ಡೊಂಬಿವಲಿವರೆಗೆ ಇಂಥ ಅಕ್ವೇರಿಯಂಗಳಿಗೆ ಬರವಿಲ್ಲ. ನೀರು ಚಹಾದ ಬಣ್ಣ, ಗಾಜಿನ ತುಂಬ ಪಾಚಿ. ಕನಿಕರಪಟ್ಟವರು ನೀರೆಲ್ಲ ಚೆಲ್ಲಿ, ಕಲ್ಲು ಉಜ್ಜಿ, ನಲ್ಲಿ ನೀರು ತುಂಬಿಸುತ್ತಾರೆ. ಸಂಜೆಗೆ ಟ್ಯಾಂಕು ಫಳಫಳ, ಬೆಳಿಗ್ಗೆ ಮೀನು ಅಂಗಾತ.

ಕೊಂದದ್ದು ಕ್ಲೋರಿನ್ ಒಂದೇ ಅಲ್ಲ. ಭಾತ್ಸಾ, ತಾನ್ಸಾ, ವೈತರಣಾ ಕಡೆಯಿಂದ ಮುಂಬೈಗೆ ಬರುವುದು ಮಳೆಯ ಮೆದು ನೀರು, ಕಾರ್ಬೊನೇಟ್ ಕಡಿಮೆ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತದೆ, ಆ ಕೆಲಸಕ್ಕೆ ಕಾರ್ಬೊನೇಟ್ ಖರ್ಚಾಗುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದಿದ್ದರೆ ಅದು ಮುಗಿದು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ) 6ಕ್ಕೂ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾ ಮಂಕಾಗುತ್ತದೆ, ಅಮೋನಿಯಾ ಶೇಖರವಾಗುತ್ತದೆ. ಆದರೂ ಮೀನು ಬದುಕಿರುತ್ತದೆ. ಏಕೆಂದರೆ ಪಿಎಚ್ 6ರಲ್ಲಿ ಅಮೋನಿಯಾ ಹೆಚ್ಚುಕಡಿಮೆ ಪೂರ್ತಿ ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. ಪಿಎಚ್ 8ಕ್ಕೆ ಏರಿದರೆ, ನಮ್ಮ 28 ಡಿಗ್ರಿ ನೀರಿನಲ್ಲಿ, ನೂರಕ್ಕೆ ಆರರಷ್ಟು ನಿಜವಾದ ವಿಷವಾಗುತ್ತದೆ. ಹೊಸ ನೀರು ಸುರಿದು ನಾವು ಮಾಡುವುದು ಅದನ್ನೇ. ಕಿವಿರು ಸುಟ್ಟುಹೋಗುತ್ತದೆ.

ಹಾಗಾಗಿ ಮೊದಲ ಕೆಲಸ ಅಳತೆ. ಅಮೋನಿಯಾ, ಪಿಎಚ್, ಕೆಎಚ್ (ಕಾರ್ಬೊನೇಟಿನ ಅಳತೆ) ಟೆಸ್ಟ್ ಕಿಟ್, ಜತೆಗೆ ನೀರಲ್ಲಿ ಕರಗಿದ ಲವಣ ಅಳೆಯುವ, ಆರ್‌ಒ ರಿಪೇರಿಯವರ ಜೇಬಲ್ಲಿರುವಂಥ ಟಿಡಿಎಸ್ ಪೆನ್ ಬೇಕು. ಕುರ್ಲಾ, ಕ್ರಾಫರ್ಡ್ ಮಾರ್ಕೆಟ್‌ನ ಅಕ್ವೇರಿಯಂ ಅಂಗಡಿಗಳಲ್ಲಿ ಕೇಳಿ. ಟ್ಯಾಂಕಿನ ನೀರು, ನಿಮ್ಮ ನಲ್ಲಿ ನೀರು ಎರಡನ್ನೂ ಅಳೆಯಿರಿ. ವ್ಯತ್ಯಾಸ ಎಷ್ಟು ದೊಡ್ಡದೋ ಅಷ್ಟು ನಿಧಾನ.

ಪಿಎಚ್ 6.5ಕ್ಕಿಂತ ಕಡಿಮೆಯಿದ್ದು ಅಮೋನಿಯಾ ಹೆಚ್ಚಿದ್ದರೆ ದಿನಕ್ಕೆ ನೂರಕ್ಕೆ ಹತ್ತರಷ್ಟೇ ನೀರು ಬದಲಿಸಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 50 ಲೀಟರ್ ಹಿಡಿಯುತ್ತದೆ, ಅಂದರೆ ದಿನಕ್ಕೆ 5 ಲೀಟರ್. ಹೊಸ ನೀರನ್ನು ಏರ್ ಟ್ಯೂಬಿಗೆ ಸಡಿಲ ಗಂಟು ಹಾಕಿ ತೊಟ್ಟು ತೊಟ್ಟಾಗಿ ಬಿಡಿ. ಒಂದು ವಾರ ಹೀಗೇ ನಡೆಯಲಿ, ನೋಡಲು ಅಸಹ್ಯವಾಗಿದ್ದರೂ ಸರಿ. ತಳದ ಹೂಳನ್ನು ದಿನಕ್ಕೆ ಕಾಲು ಭಾಗದಷ್ಟು ಮಾತ್ರ ಪೈಪಿನಿಂದ ಎಳೆಯಿರಿ. ಕಲ್ಲಿನಡಿ ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆದಕಬೇಡಿ, ಆ ಗ್ಯಾಸೂ ಮೀನನ್ನು ಕೊಲ್ಲುತ್ತದೆ. ಈ ಹಂತದಲ್ಲಿ ಅಡಿಗೆಸೋಡಾ ಹಾಕಿ ಪಿಎಚ್ ಏರಿಸುವ ಚಪಲ ಬೇಡವೇ ಬೇಡ.

ಪಿಎಚ್ 7ರ ಮೇಲಿದ್ದು ಅಮೋನಿಯಾ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ದಾಟಿದ್ದರೆ ಲೆಕ್ಕ ತಲೆಕೆಳಗು. ಫಿಲ್ಟರ್ ನಿಂತುಹೋದ ಟ್ಯಾಂಕು, ಬೋರು ಅಥವಾ ಟ್ಯಾಂಕರ್ ನೀರು ತುಂಬಿದ ಟ್ಯಾಂಕು ಸಾಮಾನ್ಯವಾಗಿ ಹೀಗಿರುತ್ತವೆ. ಅಲ್ಲಿ ವಿಷ ಆಗಲೇ ವಿಷ. ಅವತ್ತೇ ಅರ್ಧ ನೀರು ಬದಲಿಸಿ. ಆದರೆ ಟಿಡಿಎಸ್, ಪಿಎಚ್ ಎರಡೂ ಹತ್ತಿರವಿರುವ ನೀರೇ ಆಗಬೇಕು.

ಕ್ಲೋರಿನ್‌ಗೆ ಅಂಗಡಿಯ ಆಂಟಿ ಕ್ಲೋರಿನ್ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್ ಸಾಕು. 10 ಗ್ರಾಂ ಹರಳನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಡಿ. 20 ಲೀಟರ್ ಬಕೆಟಿಗೆ ಅದರಲ್ಲಿ 20 ಮಿಲಿ. ಮಳೆಗಾಲದಲ್ಲಿ ನಲ್ಲಿ ತಿರುಗಿಸಿದೊಡನೆ ಈಜುಕೊಳದ ವಾಸನೆ ಬರುವ ದಿನ ದುಪ್ಪಟ್ಟು ಹಾಕಿ.

ಮೀನನ್ನು ಮನೆಗೆ ತರುವುದಾದರೆ ಹಿಂದಿನ ದಿನ ಆಹಾರ ನಿಲ್ಲಿಸಿ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಹಳೇ ನೀರನ್ನೂ 20 ಲೀಟರಿನ ಎರಡು ಕ್ಯಾನಿನಲ್ಲಿ ತನ್ನಿ, ಇದನ್ನು ಬಿಟ್ಟವರೇ ಹೆಚ್ಚು ಮೀನು ಕಳೆದುಕೊಳ್ಳುತ್ತಾರೆ. ಫಿಲ್ಟರಿನ ಸ್ಪಂಜನ್ನು ಒದ್ದೆಯಾಗಿ, ಗಾಳಿಯಿರುವ ಚೀಲದಲ್ಲಿಡಿ. ನೀರು ತುಂಬಿದ ಮುಚ್ಚಿದ ಡಬ್ಬಿಯಲ್ಲಿ ಆಮ್ಲಜನಕ ಮುಗಿದು ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಲೋಕಲ್ ಹಿಡಿಯುವುದಾದರೆ ಮಧ್ಯಾಹ್ನದ ಹೊತ್ತು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ನೀರಿರುವ ಟ್ಯಾಂಕನ್ನು ಎತ್ತಲೇಬೇಡಿ, ಮೂಲೆಯ ಸಿಲಿಕೋನ್ ಬಿಟ್ಟುಕೊಳ್ಳುತ್ತದೆ.

ಮನೆಯಲ್ಲಿ 40–50 ಲೀಟರಿನ, ಸೋಪು ಸೋಕದ ಪ್ಲಾಸ್ಟಿಕ್ ಟಬ್, ಏರ್ ಪಂಪ್, ಸ್ಪಂಜ್ ಫಿಲ್ಟರ್ ಸಾಕು. ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 1 ಗ್ರಾಂ. ಅಮೋನಿಯಾ ನೈಟ್ರೇಟ್ ಆಗುವ ನಡುವೆ ಹುಟ್ಟುವ ವಿಷವಾದ ನೈಟ್ರೈಟ್ ರಕ್ತಕ್ಕೆ ಇಳಿಯದಂತೆ ಅದರ ಕ್ಲೋರೈಡ್ ತಡೆಯುತ್ತದೆ. ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಕಂಡರೆ ಎರಡು ದಿನದಲ್ಲಿ ಉಪ್ಪನ್ನು 3 ಗ್ರಾಂಗೆ ಏರಿಸಿ, ನೀರನ್ನು 30 ಡಿಗ್ರಿಗೆ ತಂದು 14 ದಿನ ಬಿಡಿ. ಚುಕ್ಕೆ ಮಾಯವಾಯಿತೆಂದು ಮೂರನೇ ದಿನ ನಿಲ್ಲಿಸಿದರೆ ಚುಕ್ಕೆ ತರುವ ಪರಾವಲಂಬಿ ಜೀವಿಯ, ನೀರಲ್ಲಿ ಈಜುವ ಮರಿಗಳು ಮತ್ತೆ ಅಂಟಿಕೊಳ್ಳುತ್ತವೆ. ಇಷ್ಟು ಉಪ್ಪು ಗೋಲ್ಡ್‌ಫಿಷ್, ಮೋಲಿ, ಗಪ್ಪಿಗೆ ಒಗ್ಗುತ್ತದೆ, ಗಾಜಿಗೆ ಬಾಯಿ ಅಂಟಿಸಿ ಪಾಚಿ ಮೇಯುವ ಸಕ್ಕರ್ ಮತ್ತು ತಳದಲ್ಲಿರುವ ಲೋಚ್‌ಗೆ ಆಗದು. ಮೆಥಿಲೀನ್ ಬ್ಲೂ ಫಿಲ್ಟರ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅದನ್ನು ಹಾಕುವಾಗ ಸ್ಪಂಜ್ ಹೊರಗೆ.

ಮೊದಲ ಎರಡು ದಿನ ಉಪವಾಸ. ಬೆನ್ನು ಚೂಪಾಗಿ ಹೊಟ್ಟೆ ಒಳಗೆ ಹೋದ ಮೀನಿಗೂ ಹಾಗೇ, ಕರುಳು ಸುಧಾರಿಸಿಕೊಳ್ಳಬೇಕು. ಆಮೇಲೆ ಒಂದು ನಿಮಿಷದಲ್ಲಿ ಮುಗಿಯುವಷ್ಟು ಆಹಾರ, ದಿನಕ್ಕೆ ಎರಡು ಸಲ. ಗೋಲ್ಡ್‌ಫಿಷ್‌ಗೆ ಸಿಪ್ಪೆ ಸುಲಿದು ಬೇಯಿಸಿದ ಬಟಾಣಿ ಒಳ್ಳೆಯದು. ಬೆನ್ನ ರೆಕ್ಕೆ ಬಿಚ್ಚಿ ನಿಂತರೆ, ಕೈ ಕಂಡೊಡನೆ ಮುಂದೆ ಬಂದರೆ ಚೇತರಿಕೆ ಶುರುವಾದಂತೆ. ಹುರುಪೆ ಪೈನ್ ಕಾಯಿಯಂತೆ ಎದ್ದುನಿಂತ ಮೀನು ಉಳಿಯುವುದು ಅಪರೂಪ.

ಅಮೋನಿಯಾ ಸೊನ್ನೆಗೆ ಬಂದು ಒಂದು ವಾರ ಹಾಗೇ ನಿಂತಮೇಲೆ ಕೆಎಚ್ ಏರಿಸಿ. 100 ಲೀಟರಿಗೆ 3 ಗ್ರಾಂ ಅಡಿಗೆಸೋಡಾ ಕೆಎಚ್ ಅನ್ನು ಒಂದು ಡಿಗ್ರಿ ಎತ್ತುತ್ತದೆ. ದಿನಕ್ಕೆ ಅಷ್ಟೇ, 4ಕ್ಕೆ ಬಂದಮೇಲೆ ನಿಲ್ಲಿಸಿ. ಮುಂದಕ್ಕೆ ಚಿಪ್ಪೇ ಮೇಲು. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಉಳಿದ ಚಿಪ್ಪನ್ನು ಮಸಾಲೆ ಹೋಗುವಂತೆ ಉಜ್ಜಿ, ಕುದಿಸಿ, ಬಿಸಿಲಿಗೊಣಗಿಸಿ, ಎರಡು ಹಿಡಿಯಷ್ಟನ್ನು ಬಲೆಚೀಲದಲ್ಲಿ ಫಿಲ್ಟರಿಗಿಡಿ. ಪಿಎಚ್ ಇಳಿಯತೊಡಗಿದಾಗ ತಾನೇ ಕರಗುತ್ತದೆ. ವಾರಕ್ಕೆ ನೂರಕ್ಕೆ 20ರಷ್ಟು ನೀರು ಬದಲಾವಣೆ ತಪ್ಪಿಸಬೇಡಿ. ಆಗ ಹೊರತೆಗೆದ ಹಳೇ ನೀರಿನಲ್ಲೇ ಸ್ಪಂಜನ್ನು ಹಿಂಡಿ, ನಲ್ಲಿ ಕೆಳಗಲ್ಲ.

ಒಂದಡಿ ಬೆಳೆದ ಸಕ್ಕರ್, ಆಸ್ಕರ್ ಎರಡಡಿ ಟ್ಯಾಂಕಿಗೆ ಹೊಂದುವುದಿಲ್ಲ. ದೊಡ್ಡ ಟ್ಯಾಂಕಿರುವವರಿಗೆ ಕೊಡಿ, ಇಲ್ಲವೇ ಅಂಗಡಿಗೆ ಮರಳಿಸಿ. ಪವಾಯಿ ಕೆರೆಗೆ ಬಿಟ್ಟು ಬರಬೇಡಿ. ಸಕ್ಕರ್ ದಡ ಕೊರೆದು ಮೊಟ್ಟೆಯಿಡುತ್ತದೆ, ಊರ ಮೀನಿನ ತುತ್ತು ಕಸಿಯುತ್ತದೆ, ಒಮ್ಮೆ ನೆಲೆಯೂರಿದರೆ ಯಾವ ಬಲೆಗೂ ಪೂರ್ತಿ ಸಿಗುವುದಿಲ್ಲ.