ಹಗಲು ಲೈಟು: ಘಾಟಿ ಗಾಡಿಗಳಿಗೆ ಕೂರಿಸಿದ ಅನುಭವ

ಹಗಲಲ್ಲಿ ಲೈಟು ಉರಿಸಿಕೊಂಡು ಹೋದರೆ ಎದುರಿನವರೆಲ್ಲ ಐದು ಬೆರಳು ಮುಚ್ಚಿ ಬಿಚ್ಚಿ ತೋರಿಸುತ್ತಿದ್ದರು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಿಗೆ ಸ್ವಿಚ್ಚೇ ಇಲ್ಲದ, ಸದಾ ಉರಿಯುವ ಲೈಟು ಬಂದ ಮೇಲೆ ಆ ಬೆರಳಾಟ ಕಮ್ಮಿಯಾಯಿತು. ಓಮ್ನಿ, ಹಳೇ ಬೊಲೆರೊ, ಪಿಕಪ್‌ಗಳಿಗೆ ಹಾಕೋಣವೆಂದರೆ ಮಾತ್ರ ಮಾಲೀಕರಿಂದ ಇವತ್ತಿಗೂ ಕೇಳುವುದು ಅದೇ ರಾಗ: ಬ್ಯಾಟರಿ ಕೂರುತ್ತೆ, ಡೈನಮೋ ಹೋಗುತ್ತೆ, ಬಲ್ಬಿನ ದುಡ್ಡು ನೀನು ಕೊಡ್ತೀಯಾ? ಮೂವತ್ತು ಚಿಲ್ಲರೆ ಗಾಡಿಗೆ ಹಗಲು ಲೈಟು ಕೂರಿಸಿ ಎರಡು ಮಳೆಗಾಲ ಕಳೆದಿದೆ. ಒಂದು ಬ್ಯಾಟರಿಯೂ ಕೂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಗಲು ಲೈಟು ಬೇಕೋ ಬೇಡವೋ ಎಂಬ ಚರ್ಚೆ ಚಾರ್ಮಾಡಿ, ಆಗುಂಬೆ ಹತ್ತಿದವರಿಗೆ ಬೇಡ. ಮರದ ನೆರಳು, ನಡುನಡುವೆ ಬಿಸಿಲಿನ ತೇಪೆ. ಬೂದು ಬಣ್ಣದ ಗಾಡಿ ಆ ತೇಪೆಯೊಳಗೆ ಕರಗಿ ಹೋಗುತ್ತದೆ, ತಿರುವಿನಲ್ಲಿ ಓವರ್‌ಟೇಕಿಗೆ ಇಣುಕಿದವನಿಗೆ ರಸ್ತೆ ಖಾಲಿ ಕಾಣುತ್ತದೆ. ಸ್ವೀಡನ್‌ನವರು 1977ರಲ್ಲೇ ಕಡ್ಡಾಯ ಮಾಡಿದರು. ಆಸ್ಟ್ರಿಯಾದವರು 2005ರಲ್ಲಿ ಮಾಡಿ 2008ರ ಶುರುವಿಗೇ ವಾಪಸ್ ತಗೊಂಡರು. ಎಲ್ಲರ ಲೈಟೂ ಉರಿದರೆ ಬೈಕಿನವನು ಎದ್ದು ಕಾಣುವುದಿಲ್ಲ ಎಂಬ ವಾದವೂ ಇದೆ, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ನನ್ನ ತಕರಾರು ಬೇರೆ. ಹೆಡ್‌ಲೈಟು ರಸ್ತೆ ನೋಡಲಿಕ್ಕೆ, ಹಗಲು ಲೈಟು ನಾವು ಕಾಣಲಿಕ್ಕೆ. ಎರಡಕ್ಕೂ ಒಂದೇ ಬಲ್ಬು ಉರಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಆದರೂ ಮೊದಲು ಮಾಡಿದ್ದು ಅದನ್ನೇ. ಕೀ ಆನ್ ಮಾಡಿದರೆ ಡಿಮ್ ಉರಿಯುವಂತೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಎಳೆಯುವ ಸ್ವಿಚ್ಚು. ಮುಕ್ಕಾಲು ಗಂಟೆ ಕೆಲಸ, ಖರ್ಚು ಇನ್ನೂರು ಮುನ್ನೂರು. ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಾಕಿದರೆ ಎರಡು 55 ವಾಟಿನ ಬಲ್ಬು, ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ ಎಲ್ಲ ಸೇರಿ ಹತ್ತು ಹನ್ನೊಂದು ಆಂಪಿಯರ್. ಅಂದರೆ ಸುಮಾರು 150 ವಾಟ್. ಡೈನಮೋ ಅರ್ಧಕ್ಕರ್ಧ ಶಕ್ತಿ ತಾನೇ ತಿನ್ನುತ್ತದೆ, ಎಂಜಿನ್ ಮುಕ್ಕಾಲು ಭಾಗ ಬಿಸಿ ಮಾಡಿ ಕಳೆಯುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ ನೂರಿಪ್ಪತ್ತು ನೂರಮೂವತ್ತು ಎಂ.ಎಲ್. ಪೆಟ್ರೋಲು. ದಿನಕ್ಕೆ ಎಂಟು ಗಂಟೆ ಓಡುವ ಗಾಡಿಗೆ ಹತ್ತಿರ ಹತ್ತಿರ ಒಂದು ಲೀಟರ್. ಇದನ್ನು ಬಾಯಲ್ಲಿ ಹೇಳಿದರೆ ಮಾಲೀಕರು ಕೈ ಮುಗಿದು ಹೋಗುತ್ತಾರೆ. ಅದರ ಮೇಲೆ ಎಚ್4, ಅಂದರೆ ಡಿಮ್ಮೂ ಹೈಯೂ ಒಂದರಲ್ಲೇ ಇರುವ ಬಲ್ಬಿನ ಹೋಲ್ಡರ್ ಕರಗುವ ರೋಗ. ರಾತ್ರಿ ಒಂದೆರಡು ಗಂಟೆ ತಡೆದುಕೊಳ್ಳುತ್ತಿದ್ದ ಹೋಲ್ಡರು ಹಗಲೂ ಉರಿಸಿದರೆ ಕಂದು ಬಣ್ಣಕ್ಕೆ ತಿರುಗಿ ಪಿನ್ ಸಡಿಲವಾಗುತ್ತದೆ. 100/90 ವಾಟಿನ ಬಲ್ಬು ಹಾಕಿದವರ ಗಾಡಿಯಲ್ಲಿ ಕೇಳುವುದೇ ಬೇಡ.

ಎರಡನೆಯದು ಹೈ ಬೀಮ್ ಎರಡನ್ನೂ ಸೀರೀಸಿಗೆ, ಅಂದರೆ ಒಂದರ ಹಿಂದೊಂದು ಹಾಕುವ ಹಳೇ ಅಮೆರಿಕನ್ ಉಪಾಯ. ಒಂದೊಂದಕ್ಕೆ ಏಳು ವೋಲ್ಟ್‌ನ ಆಸುಪಾಸು, ಇಪ್ಪತ್ತು ಚಿಲ್ಲರೆ ವಾಟ್, ಬೆಳಕು ಹತ್ತರಲ್ಲಿ ಒಂದು ಪಾಲು. ಬಲ್ಬು ಸುಡುವುದೇ ಇಲ್ಲ. ಕೇಳಲಿಕ್ಕೆ ಚಂದ. ಆದರೆ ಎಚ್4ರಲ್ಲಿ ಡಿಮ್ಮಿಗೂ ಹೈಗೂ ಕಾಮನ್ ಪಿನ್ ಒಂದೇ. ಸೀರೀಸ್ ಮಾಡಬೇಕಾದರೆ ಒಂದು ಕಡೆಯ ಅರ್ಥ್ ಕಿತ್ತು ರಿಲೇ ಮೂಲಕ ಕೊಡಬೇಕು. ಮಳೆಗಾಲದಲ್ಲಿ ಆ ಕಾಂಟ್ಯಾಕ್ಟಿಗೆ ಹಸಿರು ಕಿಲುಬು ಕಟ್ಟಿದರೆ ರಾತ್ರಿ ಆ ಕಡೆಯ ಡಿಮ್ಮೂ ಹೋಯಿತು. ಹಗಲಿನ ಚಂದಕ್ಕೆ ರಾತ್ರಿಯ ಕಣ್ಣು ಕೊಡುವುದು ಯಾರಿಗೂ ಬೇಡ. ನಾಲ್ಕು ಗಾಡಿಗೆ ಹಾಕಿದ್ದೆ, ನಾಲ್ಕನ್ನೂ ಬಿಚ್ಚಿದೆ, ಕೂಲಿ ಕೈಬಿಟ್ಟು.

ಆಮೇಲೆ ಇನ್ನೂರೈವತ್ತರ ಅಂಟಿಸುವ ಎಲ್ಇಡಿ ಪಟ್ಟಿ. ಒಳಗೆ ಕರೆಂಟನ್ನು ಹಿಡಿತದಲ್ಲಿಡುವ ಡ್ರೈವರ್ ಸರ್ಕೀಟು ಇಲ್ಲ, ಬರೀ ರೆಸಿಸ್ಟರು. 12.5 ವೋಲ್ಟಿನಲ್ಲಿ ಹಿತವಾಗಿ ಉರಿಯುವುದು ಎಂಜಿನ್ ಓಡಿ 14.4 ಬಂದರೆ ಕಾದು, ಮೂರು ಮೂರು ಎಲ್ಇಡಿಯ ಗುಂಪಾಗಿ ಸಾಯುತ್ತದೆ. ಜೂನ್‌ನಲ್ಲಿ ಹಾಕಿದ್ದು ಗಣಪತಿ ಹಬ್ಬಕ್ಕೆ ಹಲ್ಲು ಉದುರಿದ ಬಾಯಿ.

ಕೊನೆಗೆ ನಿಂತಿದ್ದು ಅಲ್ಯೂಮಿನಿಯಂ ಬಾಡಿಯ, ಒಳಗೇ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಇರುವ ಆರು ವಾಟಿನ ಜೋಡಿ. ಸಾವಿರದಿಂದ ಸಾವಿರದಿನ್ನೂರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ, ಹಗುರ ಇದ್ದರೆ ಬಿಡಿ. 11 ವೋಲ್ಟಿಗೂ 15ಕ್ಕೂ ಬೆಳಕು ಒಂದೇ ಇದ್ದರೆ ಒಳಗೆ ಡ್ರೈವರ್ ಇದೆ ಎಂದೇ ಅರ್ಥ. ಯುರೋಪಿನ ನಿಯಮದಲ್ಲಿ ಹಗಲು ಲೈಟಿಗೆ ಬೆಳಕಿನ ಅಳತೆ 400ರಿಂದ 1200 ಕ್ಯಾಂಡೆಲಾ, ಎರಡರ ನಡುವೆ ಕನಿಷ್ಠ 60 ಸೆಂ.ಮೀ., ನೆಲದಿಂದ 25ರಿಂದ 150 ಸೆಂ.ಮೀ. ಎತ್ತರ. ಅಳತೆಗೆ ನಾನೂ ಅದನ್ನೇ ಹಿಡಿದಿದ್ದೇನೆ. ಎರಡಕ್ಕೂ ಸೇರಿ ಒಂದು ಆಂಪಿಯರ್ ದಾಟುವುದಿಲ್ಲ, ಅಂದರೆ ಹೆಡ್‌ಲೈಟಿನ ಲೀಟರ್ ಇಲ್ಲಿ ನೂರು ಎಂ.ಎಲ್. ಒಳಗೆ.

ಇನ್ನು ವೈರಿಂಗ್, ಎಲ್ಲರೂ ಎಡವುವುದು ಇಲ್ಲೇ. ಗಾಡಿ ಓಡಿಸುವವನಿಗೆ ಸ್ವಿಚ್ ಕೊಡಬೇಡಿ, ಕೊಟ್ಟರೆ ವಾರದಲ್ಲಿ ಮರೆಯುತ್ತಾನೆ. ಇಗ್ನಿಷನ್ನಿನಿಂದಲೂ ಬೇಡ, ಸೆಲ್ಫ್ ಹೊಡೆಯುವಾಗ ಲೈಟು ಮಿಣುಕುತ್ತದೆ. ರಿಲೇಯ ಪಿನ್‌ಗಳಲ್ಲಿ 85, 86 ಕಾಯಿಲಿನ ಎರಡು ತುದಿ; ಕಾಯಿಲು ಎಳೆದರೆ 30 ಹೋಗಿ 87ಕ್ಕೆ ಸೇರುತ್ತದೆ, ಬಿಟ್ಟರೆ 87ಎಗೆ. ಡೈನಮೋದ ಎಲ್ ಟರ್ಮಿನಲ್‌ನಿಂದ, ಅಂದರೆ ಎಂಜಿನ್ ಓಡಿದಾಗ ಮಾತ್ರ ಪ್ಲಸ್ ಬರುವ ಚಾರ್ಜಿಂಗ್ ಲ್ಯಾಂಪಿನ ವೈರಿನಿಂದ 86ಕ್ಕೆ. 85 ಅರ್ಥಿಗಲ್ಲ, ಪಾರ್ಕಿಂಗ್ ಲೈಟಿನ ವೈರಿಗೆ. 30ಕ್ಕೆ ಬ್ಯಾಟರಿಯಿಂದ 5 ಆಂಪಿಯರ್ ಫ್ಯೂಸ್ ದಾಟಿ, 87ರಿಂದ ಲೈಟಿಗೆ. 87ಎ ಖಾಲಿ, ಟೇಪ್ ಸುತ್ತಿಬಿಡಿ. ಪಾರ್ಕಿಂಗ್ ಆರಿದ್ದಾಗ 85ಕ್ಕೆ ಆ ಬಲ್ಬುಗಳ ಫಿಲಮೆಂಟೇ ಅರ್ಥ್. ಪಾರ್ಕಿಂಗ್ ಹಾಕಿದ ತಕ್ಷಣ ಕಾಯಿಲಿನ ಎರಡೂ ಕಡೆ ಪ್ಲಸ್, ರಿಲೇ ಬಿಡುತ್ತದೆ. ಹೆಡ್‌ಲೈಟಿನ ವೈರನ್ನು ಯಾಕೆ ಮುಟ್ಟುವುದಿಲ್ಲ ಅಂದರೆ, ಕೆಲವು ಜಪಾನ್ ಮೂಲದ ಗಾಡಿಗಳಲ್ಲಿ ಹೆಡ್‌ಲೈಟು ನೆಗೆಟಿವ್ ಕಡೆಯಿಂದ ಸ್ವಿಚ್ ಆಗುತ್ತದೆ. ಟೆಸ್ಟ್ ಲ್ಯಾಂಪ್ ಹಾಕದೆ ಕೈ ಹಾಕಿದರೆ ಅರ್ಧ ದಿನ ಹೋಯಿತು.

ಮೊದಲ ಗಾಡಿಯಲ್ಲಿ ಒಂದು ದೆವ್ವ ಕಾಡಿತು. ಎಂಜಿನ್ ಆಫ್, ಕೀ ಕೈಯಲ್ಲಿ, ಪಾರ್ಕಿಂಗ್ ಹಾಕಿದರೆ ಹಗಲು ಲೈಟೂ ಹತ್ತುತ್ತಿತ್ತು. ಪಾರ್ಕಿಂಗ್ ವೈರಿನ ಪ್ಲಸ್ ಕಾಯಿಲಿನ ಮೂಲಕ ಹಿಂದೆ ಬಂದು ಎಲ್ ಟರ್ಮಿನಲ್ ಹೊಕ್ಕು ಡೈನಮೋದೊಳಗಿನ ರೋಟರ್‌ನಲ್ಲಿ ಅರ್ಥ್ ಆಗುತ್ತಿತ್ತು. ಎಲ್‌ಗೂ 86ಕ್ಕೂ ನಡುವೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು 4007 ಡಯೋಡ್, ಬೆಳ್ಳಿ ಗೆರೆ ರಿಲೇ ಕಡೆಗೆ. ಎರಡು ರೂಪಾಯಿ. ದೆವ್ವ ಬಿಟ್ಟಿತು. ಇನ್ನೊಂದು ಡಯೋಡನ್ನು ಕಾಯಿಲಿಗೆ ಅಡ್ಡ ಹಾಕಿ, ಗೆರೆ 86ರ ಕಡೆಗೆ, ಇಲ್ಲದಿದ್ದರೆ ರಿಲೇ ಬಿಟ್ಟಾಗಲೆಲ್ಲ ಡೈನಮೋ ರೆಗ್ಯುಲೇಟರಿಗೆ ಏಟು. ಹೊಸ ಗಾಡಿಗಳ ಡೈನಮೋದಲ್ಲಿ ಎಲ್ ಟರ್ಮಿನಲ್ ರಿಲೇ ಎಳೆಯುವಷ್ಟು ಕರೆಂಟು ಕೊಡುವುದಿಲ್ಲ, ಅಂಥದ್ದಕ್ಕೆ ಈ ದಾರಿ ಬೇಡ.

ಪಾರ್ಕಿಂಗ್, ಟೇಲ್ ಬಲ್ಬುಗಳನ್ನೆಲ್ಲ ಎಲ್ಇಡಿಗೆ ಬದಲಾಯಿಸಿದ ಗಾಡಿಯಲ್ಲೂ ಇದು ಕೆಲಸ ಮಾಡದು. ಫಿಲಮೆಂಟ್ ಇಲ್ಲ, ಹಾಗಾಗಿ ಅರ್ಥ್ ಇಲ್ಲ. ಅಲ್ಲಿ ಎರಡನೇ ರಿಲೇ ಬೇಕು. ಪಾರ್ಕಿಂಗ್ ವೈರು ಅದರ ಕಾಯಿಲಿಗೆ, ಮೊದಲ ರಿಲೇಯ 85ಕ್ಕೆ ಅರ್ಥ್ ಅದರ 87ಎ ಮೂಲಕ. ಹಗಲು ಹಿಂದಿನ ದೀಪವೂ ಉರಿಯಲಿ ಅಂತ 87ರಿಂದ ಟೇಲ್ ವೈರಿಗೆ ಜೋಡಿಸಿದರೆ ರಿಲೇ ಟರ್ರ್ ಎಂದು ಕೂಗುತ್ತದೆ, ತನ್ನ ಅರ್ಥನ್ನು ತಾನೇ ಕಡಿದುಕೊಂಡು. ಹಗಲು ಲೈಟಿನ ಜೊತೆ ಹಿಂದಿನ ದೀಪ ಉರಿಯದು, ಆದ್ದರಿಂದ ಮಂಜಿನಲ್ಲಿ ಹೆಡ್‌ಲೈಟು ಕೈಯಾರೆ ಹಾಕಲೇಬೇಕು. ಕಂಪನಿಯಿಂದ ಹಗಲು ಲೈಟು ಬಂದ ಕಾರುಗಳವರೂ ಕೊಟ್ಟಿಗೆಹಾರದ ಮಂಜಿನಲ್ಲಿ ಹಿಂದೆ ಕತ್ತಲೆ ಇಟ್ಟುಕೊಂಡು ಇಳಿಯುತ್ತಾರೆ. ಮುಂದೆ ಬೆಳ್ಳಗೆ ಕಂಡರೆ ಎಲ್ಲ ಉರಿಯುತ್ತಿದೆ ಅಂದುಕೊಳ್ಳುತ್ತಾರೆ.

ಲೈಟಿನ ಮುಖ ನೇರ ಮುಂದಕ್ಕಿರಲಿ, ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ. ವೈರು ಲೈಟಿಗೆ ಹೋಗುವ ಮುನ್ನ ಒಂದು ಗೇಣು ಕೆಳಗೆ ಜೋತು ಬಿದ್ದು ಮೇಲೇರಬೇಕು, ನೀರು ಅಲ್ಲೇ ತೊಟ್ಟಿಕ್ಕಲಿ. ಲೆನ್ಸಿನ ಅಂಚಿಗೆ ನಾನು ಹಚ್ಚುವುದು ಸಿಲಿಕೋನ್ ಅಲ್ಲ. ಏನು ಅಂತ ಬರೆದರೆ ನಾಳೆ ಪಕ್ಕದ ಗ್ಯಾರೇಜಿನವರು ಹಚ್ಚುತ್ತಾರೆ, ಇರಲಿ ಬಿಡಿ. ನೀಲಿ, ಕೆಂಪು ಕೇಳಿಕೊಂಡು ಬಂದವರನ್ನು ವಾಪಸ್ ಕಳಿಸುತ್ತೇನೆ. ಕಣ್ಣು ಕುಕ್ಕುವ ಲೈಟಿಗೆ 2024ರ ಜುಲೈನಿಂದ ನಮ್ಮ ರಾಜ್ಯದಲ್ಲಿ ಪೊಲೀಸರು ಕೇಸು ಹಾಕಲು ಶುರು ಮಾಡಿದ್ದಾರೆ. ಎಲ್ಲ ಸೇರಿ ಕೂಲಿ ಸಮೇತ ಎರಡು ಸಾವಿರದ ಒಳಗೆ ಮುಗಿಯುತ್ತದೆ.

ಬೆಳಕು ನೋಡಿ ತಾನೇ ಹತ್ತುವ ಸೆನ್ಸರನ್ನೂ ಹಾಕಿ ನೋಡಿದೆ. ಘಾಟಿಯ ನೆರಳು ಬಿಸಿಲಿಗೆ ಅದು ದೀಪಾವಳಿ ಮಾಡಿತು, ಕಿತ್ತು ಹಾಕಿದೆ. ಈಗ ಕೈಯಲ್ಲಿರುವುದು ಇಂಡಿಕೇಟರ್ ಹಾಕಿದಾಗ ಆ ಕಡೆಯ ಹಗಲು ಲೈಟು ಆರುವ ಏರ್ಪಾಟು. ಓಮ್ನಿಯಲ್ಲಿ ಎರಡೂ ಹತ್ತಿರ ಹತ್ತಿರ ಬಂದು ಇಂಡಿಕೇಟರ್ ಕಾಣದೇ ಹೋಗುತ್ತದೆ. ಇಂಡಿಕೇಟರ್ ವೈರಿನಿಂದ ರಿಲೇ, ಕಾಯಿಲಿಗೆ ಅಡ್ಡ, ಮಿಣುಕಿನ ನಡುವೆಯೂ ರಿಲೇ ಹಿಡಿದಿರಲಿ ಅಂತ, ಚಾರ್ಜು ಕೂಡಿಡುವ ಒಂದು ಕೆಪಾಸಿಟರ್. 1000 ಮೈಕ್ರೊಫ್ಯಾರಡ್ ಸಾಲಲಿಲ್ಲ, ಫ್ಲ್ಯಾಶರಿನ ಜೊತೆಗೇ ಟಕ್ ಟಕ್ ಎಂದಿತು. 4700 ಹಾಕಿದರೂ ಅದೇ. ಕೆಪಾಸಿಟರಿನ ಚಾರ್ಜೆಲ್ಲ 21 ವಾಟಿನ ಬಲ್ಬಿನೊಳಗೇ ಸುರಿದು ಹೋಗುತ್ತಿತ್ತು. ನಡುವೆ ಡಯೋಡ್ ಹಾಕಿದ ಮೇಲೆ ನಿಂತಿತು. ಸದ್ಯ ಒಂದೇ ಗಾಡಿಯಲ್ಲಿದೆ, ಈ ಮಳೆಗಾಲ ಕಳೆದ ಮೇಲೆ ಉಳಿದವಕ್ಕೆ.