ಗುಲಾಬಿ ಹುಳ ಬದಲಾದದ್ದು ಹೇಗೆ, ನಾನು ಹತ್ತಿ ಬೆಳೆಯುವ ರೀತಿ ಬದಲಾದದ್ದು ಹೇಗೆ

ಸವದತ್ತಿ ಕಡೆಯ ಎರೆ ಹೊಲದಲ್ಲಿ ಹತ್ತಿ ಬೆಳೆಯುತ್ತೇನೆ. ಹತ್ತಿ ಕಾಯಿಯೊಳಗೆ ಹೊಕ್ಕು ಕಾಳು ತಿನ್ನುವ ಗುಲಾಬಿ ಕಾಯಿಕೊರಕ ಹುಳ, ಕಾಯಿಕೊರಕಗಳನ್ನು ತಡೆಯೋಕೆ ಅಂತಲೇ ಬಂದ ಬಿಟಿ ಹತ್ತಿಯನ್ನೂ ತಿನ್ನೋಕೆ ಶುರು ಮಾಡಿದ ಮೇಲೆ ನಾನು ಏನು ಮಾಡಿದೆ ಅಂತ ಬಹಳ ಮಂದಿ ಕೇಳುತ್ತಾರೆ. ಎಲ್ಲರಿಗೂ ಬೇಕಾದದ್ದು ಔಷಧದ ಹೆಸರು. ಆದರೆ ನನಗೆ ಜಾಸ್ತಿ ಉಪಯೋಗ ಆದದ್ದು ಈ ಹುಳ ಹೇಗೆ ಬದಲಾಯಿತು ಅಂತ ತಿಳಿದುಕೊಂಡದ್ದು.

ಪಕ್ಕದ ಹೊಲದ ಕಾಕಾ ಒಮ್ಮೆ ಹೇಳಿದರು: "ತಮ್ಮಾ, ಬಿಟಿ ತಿಂದ ತಿಂದ ಹುಳಕ್ಕ ರೂಢಿ ಆಗೇತಿ, ಈಗ ಅದಕ್ಕ ಏನೂ ಆಗಂಗಿಲ್ಲ."

"ಇಲ್ರೀ ಕಾಕಾ, ತಡಕೊಳ್ಳಾಕ ಆಗದ ಹುಳ ಎಲ್ಲಾ ಸತ್ತು ಹೋದೂವು. ಈಗ ಇರೂವು ಸಾಯದ ಉಳಿದವುಗಳ ಮಕ್ಕಳು" ಅಂದೆ.

ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಬಿಟಿ ಗಿಡದಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ತಂದ ಜೀನ್ ಇದೆ. ಅದರಿಂದ ಗಿಡದೊಳಗೆ ಒಂದು ಪ್ರೋಟೀನ್ ತಯಾರಾಗುತ್ತದೆ. ಹುಳ ಗಿಡ ತಿಂದಾಗ ಆ ಪ್ರೋಟೀನ್ ಕರುಳಿನ ಒಳಗೋಡೆಯ ಒಂದು ಜಾಗಕ್ಕೆ ಅಂಟಿಕೊಂಡು ತೂತು ಕೊರೆಯುತ್ತದೆ. ಹುಳ ಸಾಯುತ್ತದೆ. ಆದರೆ ಸಾವಿರಾರು ಹುಳಗಳಲ್ಲಿ ಎಲ್ಲೋ ಒಂದಕ್ಕೆ ಹುಟ್ಟಿನಿಂದಲೇ ಆ ಜಾಗದ ಆಕಾರ ಸ್ವಲ್ಪ ಬೇರೆ ಇರುತ್ತದೆ. ಬೀಗ ಬದಲಾದರೆ ಹಳೇ ಕೀಲಿ ಕೂಡೋದಿಲ್ಲ ಅಲ್ವಾ, ಹಾಗೆ. ಬಿಟಿ ಬರುವ ಮೊದಲು ಆ ಹುಳಕ್ಕೆ ಇದರಿಂದ ಲಾಭ ಇರಲಿಲ್ಲ. ಊರ ತುಂಬಾ ಬಿಟಿ ಹತ್ತಿಯೇ ನಿಂತಾಗ ಬದುಕಿದ್ದು ಅದು, ಮೊಟ್ಟೆ ಇಟ್ಟದ್ದು ಅದು.

ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಆಗ ಇದ್ದದ್ದು ಒಂದೇ ಜೀನ್. 2006ರಲ್ಲಿ ಎರಡು ಜೀನಿನ ಬೀಜ ಬಂತು. 2010ರಲ್ಲಿ, ಗುಜರಾತಿನ ಗುಲಾಬಿ ಹುಳಕ್ಕೆ ಮೊದಲ ಜೀನ್ ಏನೂ ಮಾಡುತ್ತಿಲ್ಲ ಅಂತ ಹೊರಬಿತ್ತು. ಮುಂದೆ ಎರಡನೆಯದನ್ನೂ ಅದು ದಾಟಿತು. ಈ ಹುಳ ಒಂದು ಹಂಗಾಮಿನಲ್ಲೇ ಹಲವು ಪೀಳಿಗೆ ಮುಗಿಸುತ್ತದೆ, ಆದ್ದರಿಂದ ಇಷ್ಟು ವರ್ಷ ಅದಕ್ಕೆ ಬೇಕಾದಷ್ಟಾಯಿತು.

ಇದನ್ನು ತಡೆಯೋಕೆ ಮೊದಲೇ ಒಂದು ಉಪಾಯ ಇತ್ತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜದ ಸಣ್ಣ ಪಾಕೀಟು ಕೊಡುತ್ತಿದ್ದರು, ನೆನಪಿರಬೇಕು. ನಮ್ಮ ಕಡೆ ಅದನ್ನು ಬಿತ್ತಿದವರು ಕಡಿಮೆ. ಹುಳ ಸಾಕೋಕೆ ಯಾಕೆ ಜಾಗ ಕೊಡಬೇಕು ಅಂತ ಕೇಳುತ್ತಿದ್ದರು. ಲೆಕ್ಕ ಏನೆಂದರೆ, ಆ ಸಾಲುಗಳಲ್ಲಿ ಸಾಧಾರಣ ಹುಳಗಳು ಬದುಕಿ ಪತಂಗವಾಗುತ್ತವೆ, ಬಿಟಿ ತಿಂದು ಉಳಿದ ಅಪರೂಪದ ಪತಂಗ ಅವುಗಳ ಜೊತೆ ಕೂಡುತ್ತದೆ, ಹುಟ್ಟುವ ಮರಿಗೆ ತಡೆದುಕೊಳ್ಳುವ ಜೀನ್ ಒಂದೇ ಕಡೆಯಿಂದ ಬಂದಿರುತ್ತದೆ, ಅಷ್ಟು ಸಾಲದು, ಆ ಮರಿ ಬಿಟಿ ತಿಂದು ಸಾಯುತ್ತದೆ.

ಹಸಿರು ಕಾಯಿಕೊರಕವನ್ನು ನೋಡಿದರೆ ಈ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ. ಬಿಟಿ ಬರುವ ಮೊದಲು ಹತ್ತಿಗೆ ದೊಡ್ಡ ಕಾಟ ಅದೇ. ಈಗ ಬಿಟಿ ಹತ್ತಿಯಲ್ಲಿ ಗುಲಾಬಿ ಹುಳದಷ್ಟು ಅದು ಕಾಡುತ್ತಿಲ್ಲ. ಅದು ನಮ್ಮ ಕಡಲೆ, ತೊಗರಿ, ಸೂರ್ಯಕಾಂತಿ ಎಲ್ಲವನ್ನೂ ತಿನ್ನುತ್ತದೆ. ಅಲ್ಲೆಲ್ಲ ಬಿಟಿ ಇಲ್ಲ, ಹಾಗಾಗಿ ಸಾಧಾರಣ ಹುಳಗಳು ಪ್ರತಿ ವರ್ಷ ಹುಟ್ಟುತ್ತಲೇ ಇರುತ್ತವೆ. ಗುಲಾಬಿ ಹುಳಕ್ಕೆ ಇಲ್ಲಿ ಹತ್ತಿ ಬಿಟ್ಟರೆ ಬೇರೆ ಊಟ ಇಲ್ಲ ಅಂತಲೇ ಹೇಳಬಹುದು.

ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ನಾವು ಬಿತ್ತೋದು ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದ ಬೀಜ, ಅದಕ್ಕೆ ಬಿಟಿ ಜೀನ್ ಒಂದೇ ಕಡೆಯಿಂದ ಬಂದಿರುತ್ತದೆ. ಗಿಡದ ಎಲೆ, ಮೊಗ್ಗಿನಲ್ಲಿ ಎರಡೂ ಜೀನ್ ಇರುತ್ತವೆ. ಆದರೆ ಅದರ ಕಾಯಿಯೊಳಗಿನ ಕಾಳುಗಳು ಮುಂದಿನ ಪೀಳಿಗೆಯವು, ಅವುಗಳಲ್ಲಿ ಜೀನ್ ಹಂಚಿಹೋಗುತ್ತವೆ. 16 ಕಾಳಿನಲ್ಲಿ ಸರಾಸರಿ 9ಕ್ಕೆ ಎರಡೂ ಜೀನ್, 6ಕ್ಕೆ ಒಂದೇ, 1ಕ್ಕೆ ಎರಡೂ ಇಲ್ಲ. ಗುಲಾಬಿ ಹುಳ ತಿನ್ನೋದು ಈ ಕಾಳನ್ನೇ. ಒಂದೇ ಸಲ ಎರಡು ವಿಷ ಎದುರಿಸುವ ಕಷ್ಟ ಅದಕ್ಕೆ ಬರಲಿಲ್ಲ, ಒಂದೊಂದಾಗಿ ದಾಟೋಕೆ ಮೆಟ್ಟಿಲು ಸಿಕ್ಕಿತು.

ಈಗ ನಾನು ಮಾಡುವುದಕ್ಕೆ ಬರುತ್ತೇನೆ. ಎಲ್ಲಕ್ಕಿಂತ ದೊಡ್ಡದು ಡಿಸೆಂಬರಿನಲ್ಲಿ ಬೆಳೆ ಮುಗಿಸೋದು. ಮಲಪ್ರಭಾ ಕಾಲುವೆ ನೀರು ಇರುವವರು ಫೆಬ್ರುವರಿ, ಮಾರ್ಚ್ ತನಕ ಹತ್ತಿ ಇಟ್ಟುಕೊಳ್ಳುತ್ತಾರೆ, ಕೊನೆಯ ಒಂದೆರಡು ಬಿಡಿಸುವಿಕೆಯ ಆಸೆಗೆ. ಆ ತಿಂಗಳುಗಳಲ್ಲಿ ಹುಟ್ಟುವ ಹುಳವೇ ಎರಡು ಕಾಳು ಅಂಟಿಸಿಕೊಂಡು ಒಳಗೆ ಮಲಗಿ ಮುಂದಿನ ಮುಂಗಾರಿಗೆ ಏಳೋದು. ಆದ್ದರಿಂದ ನಾನು ಬಿತ್ತನೆಗೆ ಅವಧಿ ಕಡಿಮೆ ಇರುವ ತಳಿಯನ್ನೇ ಆರಿಸುತ್ತೇನೆ. ಬಿಡಿಸಿ ಮುಗಿದ ಹತ್ತಿ ಗಿಡದ ಕಟ್ಟಿಗೆಯನ್ನು ಬೇರು ಸಮೇತ ಕೀಳಿಸುತ್ತೇನೆ, ಉರುವಲಿಗೆ ಅಂತ ಬದುವಿನ ಮೇಲೆ ಒಟ್ಟೋದಿಲ್ಲ. ಬಿಡಿಸಿದ ಹತ್ತಿಯನ್ನು ಮನೆಯಲ್ಲಿ ತಿಂಗಳುಗಟ್ಟಲೆ ಇಡೋದಿಲ್ಲ. ಬಿಟಿ ತಡೆದುಕೊಳ್ಳುವ ಜೀನ್ ಇದರ ಮುಂದೆ ಹುಳದ ಉಪಯೋಗಕ್ಕೆ ಬರೋದಿಲ್ಲ. ಊಟವೇ ಇಲ್ಲದ ತಿಂಗಳುಗಳಲ್ಲಿ, ತಡೆದುಕೊಳ್ಳುವ ಹುಳವೂ ಒಂದೇ, ತಡೆದುಕೊಳ್ಳದ ಹುಳವೂ ಒಂದೇ.

ಬಿತ್ತನೆಯಲ್ಲೂ ಅವಸರ ಮಾಡೋದಿಲ್ಲ. ಬೇಸಿಗೆ ಮಳೆಗೇ ಬಿತ್ತಿದರೆ, ಎದ್ದು ಬಂದ ಪತಂಗಕ್ಕೆ ನಮ್ಮ ಮೊಗ್ಗು ರೆಡಿ ಇರುತ್ತದೆ. ಮುಂಗಾರು ಹದ ಆದ ಮೇಲೆ ಬಿತ್ತಿದರೆ ಮೊದಲು ಎದ್ದ ಪತಂಗಗಳು ಮೊಟ್ಟೆ ಇಡಲು ಮೊಗ್ಗು ಸಿಗದೇ ಸಾಯುತ್ತವೆ.

ಎಕರೆಗೆ ಎರಡರಂತೆ ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆ ಇಟ್ಟು ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ, ಕಟ್ಟುತ್ತೇನೆ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ, ಅಥವಾ ಹೊಲದ ಅಲ್ಲಲ್ಲಿಂದ ಕಿತ್ತು ಒಡೆದ 20 ಹಸಿ ಕಾಯಿಯಲ್ಲಿ ಎರಡರಲ್ಲಿ ಜೀವಂತ ಹುಳ ಕಂಡರೆ ಮಾತ್ರ ಸಿಂಪಡಣೆ. ದಳ ಅಂಟಿಕೊಂಡು ಅರಳದ ಹೂ ಕಂಡರೆ ಕಿತ್ತು ನಾಶ ಮಾಡುತ್ತೇನೆ, ಒಳಗೆ ಹುಳ ಇರುತ್ತದೆ. ಸಿಂಪಡಿಸಿದರೂ ಅದೇ ಗುಂಪಿನ ಔಷಧವನ್ನು ಬೆನ್ನು ಬೆನ್ನಿಗೆ ಹೊಡೆಯೋದಿಲ್ಲ. ಅಂಗಡಿಯವರು ಸ್ಟ್ರಾಂಗ್ ಇದೆ, ಇದನ್ನೇ ಹೊಡೀರಿ ಅಂತಾರೆ. ಪದೇ ಪದೇ ಒಂದನ್ನೇ ಹೊಡೆದರೆ ಬಿಟಿಗೆ ಆದದ್ದೇ ಅದಕ್ಕೂ ಆಗುತ್ತದೆ, ಸುಮ್ನೆ ದುಡ್ಡು ಹಾಳು.

ಒಡೆದ ಕಾಯಿಯಲ್ಲಿ ಕಲೆ ಬಿದ್ದ ಅರಳೆ ಈಗ ಮೊದಲಿಗಿಂತ ಕಡಿಮೆ. ಪೂರ್ತಿ ನಿಂತಿಲ್ಲ, ಯಾಕೆಂದರೆ ಪತಂಗಕ್ಕೆ ಬದು ಗೊತ್ತಿಲ್ಲ.

ಚೀನಾದ ಯಾಂಗ್ಟ್ಸಿ ನದಿ ಕಣಿವೆಯ ವಿಷಯ ಓದಿದ ಮೇಲೆ ನನಗೆ ಧೈರ್ಯ ಜಾಸ್ತಿ ಆಯಿತು. ಅಲ್ಲಿ ಗುಲಾಬಿ ಹುಳದ ತಡೆಯುವ ಶಕ್ತಿ 2010ರ ತನಕ ಏರುತ್ತಿತ್ತು. ಆಮೇಲೆ ರೈತರು ಹೈಬ್ರಿಡ್‌ನ ಎರಡನೇ ಪೀಳಿಗೆಯ ಬೀಜ ಬಿತ್ತಿದರು, ಹೊಲದಲ್ಲಿ ಕಾಲು ಭಾಗ ಬಿಟಿ ಇಲ್ಲದ ಗಿಡ ಬೆರೆತವು, 2015ರ ಹೊತ್ತಿಗೆ ಆ ಶಕ್ತಿ ಇಳಿದಿತ್ತು. ಅಲ್ಲಿನ ಹುಳ ನಮ್ಮದರಷ್ಟು ಮುಂದೆ ಹೋಗಿರಲಿಲ್ಲ, ಹಾಗಾಗಿ ಅದೇ ದಾರಿ ಇಲ್ಲಿ ಸಾಲದು. ಆದರೂ ಹೊಲದಲ್ಲಿ ನಾವು ಏನು ಬಿತ್ತುತ್ತೇವೆ ಅನ್ನುವುದರ ಮೇಲೆ ಹುಳದ ತಡೆಯುವ ಶಕ್ತಿ ಏರಲೂಬಹುದು, ಇಳಿಯಲೂಬಹುದು.

ನಮ್ಮ ಕಾಲುವೆ ಪಕ್ಕದ ಕೆಲವು ಮನೆಯವರು ಈ ಸಲ ಒಟ್ಟಿಗೆ ಬಿತ್ತಿ, ಡಿಸೆಂಬರಿನಲ್ಲಿ ಒಟ್ಟಿಗೆ ಕೀಳೋಣ ಅಂತ ಮಾತಾಡಿಕೊಂಡಿದ್ದೇವೆ. ಕಾಕಾ ಕೂಡ ಒಪ್ಪಿದ್ದಾರೆ. ಕಟ್ಟಿಗೆ ಕೀಳೋಕೆ ಟ್ರ್ಯಾಕ್ಟರ್ ಬಾಡಿಗೆ ಎಲ್ಲರೂ ಸೇರಿ ಹಾಕಿದರೆ ಅಗ್ಗವೂ ಆಗುತ್ತದೆ.