ಬಸರಾಳಿನ ಮೋಟಾರ್ ನಮ್ಮ ಅಂಗಡಿಗೆ ಬಂದ ದಾರಿ

ಮಂಡ್ಯದ ಗುತ್ತಲು ರಸ್ತೆಯ ಅಡ್ಡಬೀದಿಯೊಂದರಲ್ಲಿ ನನ್ನ ಮೋಟಾರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಇದೆ. ಹದಿನೈದು ವರ್ಷ ನನ್ನನ್ನು ನಡೆಸಿದ್ದು ಬಾಯಿಮಾತು. ಒಬ್ಬರ ಪಂಪ್‌ಸೆಟ್ ಸರಿಹೋದರೆ ಪಕ್ಕದ ಜಮೀನಿನವರು ಬರುತ್ತಿದ್ದರು. ಈಗ ಜಮೀನು ನೋಡಿಕೊಳ್ಳುವವರು ಆ ಹಿರಿಯರ ಮಕ್ಕಳು. ಮೋಟಾರ್ ಸುಟ್ಟರೆ ಅವರು ಮೊದಲು ಮೊಬೈಲ್ ತೆಗೆದು ಹುಡುಕುತ್ತಾರೆ. ಅಲ್ಲಿ ನನ್ನ ಅಂಗಡಿಯೇ ಇರಲಿಲ್ಲ.

ಅಕ್ಕನ ಮಗಳು ಕೂತು ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆದುಕೊಟ್ಟಳು. ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ಅಂಗಡಿಯ ವಿವರ ತೋರಿಸುವ ಪುಟ ಅದು. ಇದಕ್ಕೆ ಹಣ ಕಟ್ಟಬೇಕಿಲ್ಲ. ಆಮೇಲೆ ‘ಗೂಗಲ್‌ನಿಂದ ಮಾತನಾಡುತ್ತಿದ್ದೇವೆ, ವರ್ಷಕ್ಕೆ ಇಷ್ಟು ಕಟ್ಟಿ’ ಎಂದು ಕರೆ ಬಂದಾಗ ನಾನು ಫೋನ್ ಇಟ್ಟುಬಿಟ್ಟೆ. ನೀವೂ ಹಾಗೆಯೇ ಮಾಡಿ. ಅಂಗಡಿ ನಿಜವೆಂದು ತೋರಿಸಲು ಬೀದಿ, ಬೋರ್ಡು, ಶಟರ್ ಬೀಗ ತೆಗೆಯುವುದು, ಒಳಗಿನ ವೈಂಡಿಂಗ್ ಯಂತ್ರ ಎಲ್ಲವನ್ನೂ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ಚಿತ್ರೀಕರಿಸಿ ಕಳುಹಿಸಿದೆವು.

ಮೊದಲು ‘ಎಲೆಕ್ಟ್ರಿಕಲ್ ಅಂಗಡಿ’ ಎಂಬ ವರ್ಗ ಆರಿಸಿದ್ದೆ. ಸ್ವಿಚ್, ಬಲ್ಬು ಕೇಳುವವರ ಕರೆಗಳೇ ಬಂದವು. ಮೋಟಾರ್ ರಿಪೇರಿ ಎಂದು ಬದಲಿಸಿದ ಮೇಲೆ ಬೇಕಾದವರು ಬರತೊಡಗಿದರು.

ಆದರೆ ಇಂದಿಗೂ ಮನಸ್ಸಿಗೆ ನಾಟಿರುವುದು ನಕ್ಷೆಯ ವಿಷಯ. ಒಂದು ಬೆಳಿಗ್ಗೆ ಬಸರಾಳು ಕಡೆಯ ರೈತರೊಬ್ಬರು ಬೋರ್‌ವೆಲ್ ಒಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಬಂದರು. ಮುಖ ಬಾಡಿತ್ತು. “ಅಣ್ಣ, ಫೋನು ನನ್ನನ್ನು ಹಿಂದಿನ ಬೀದಿಗೆ ಕರೆದುಕೊಂಡು ಹೋಯಿತು. ಮುಕ್ಕಾಲು ಗಂಟೆ ಸುತ್ತಿದೆ. ಅಲ್ಲಿ ಟೊಮೆಟೊ ಒಣಗುತ್ತಿದೆ” ಎಂದರು. ನಕ್ಷೆಯಲ್ಲಿ ಅಂಗಡಿಯ ಗುರುತನ್ನು ನಾನೇ ಅಂದಾಜಿನಲ್ಲಿ ಇಟ್ಟಿದ್ದೆ. ಅಂದೇ ಅಂಗಡಿ ಬಾಗಿಲಲ್ಲಿ ನಿಂತು ಅದನ್ನು ಸರಿಯಾದ ಜಾಗಕ್ಕೆ ಸರಿಸಿದೆ. ಅವರ ಕಾಯಿಲ್ ಕೆಲಸವನ್ನು ರಾತ್ರಿ ಕೂತು ಮುಗಿಸಿಕೊಟ್ಟೆ. ಬಾಡಿಗೆ ಕೊಟ್ಟು ಭಾರ ಹೊತ್ತು ಬರುವವರಿಗೆ ತಪ್ಪು ದಾರಿ ತೋರಿಸುವುದು ಮೋಸಕ್ಕಿಂತ ಕಡಿಮೆಯಲ್ಲ ಎಂದೇ ನನ್ನ ಭಾವನೆ.

ಸಮಯವೂ ಅಷ್ಟೇ ಮುಖ್ಯ. ಕೃಷಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ಇಡೀ ದಿನ ಇರುವುದಿಲ್ಲ. ಎಷ್ಟೋ ಕಡೆ ರಾತ್ರಿ ಸರದಿಯಲ್ಲಿ ಬರುತ್ತದೆ. ಆಗ ಮೂರರಲ್ಲಿ ಒಂದು ಫೇಸ್ ಹೋದರೂ ಗೊತ್ತಾಗದೆ ಮೋಟಾರ್ ಓಡಿ ಸುಟ್ಟಿರುತ್ತದೆ. ಹಾಗಾಗಿ ಕರೆಗಳು ಬರುವುದು ನಸುಕಿನಲ್ಲಿ. ಹತ್ತಕ್ಕೆ ತೆರೆಯುತ್ತಿದ್ದ ಅಂಗಡಿಯನ್ನು ಏಳಕ್ಕೆ ತೆರೆದು, ಅದನ್ನೇ ಪ್ರೊಫೈಲ್‌ನಲ್ಲೂ ನಮೂದಿಸಿದೆ.

ಜನ ಏನೆಂದು ಹುಡುಕಿ ನಮ್ಮನ್ನು ಕಂಡರು ಎಂಬುದನ್ನು ಪ್ರೊಫೈಲ್ ತೋರಿಸುತ್ತದೆ. ಅಲ್ಲಿ ‘ಬೋರ್‌ವೆಲ್ ಮೋಟಾರ್ ರಿಪೇರಿ’ ಎಂದು ಕಂಡಾಗ ಅದನ್ನು ಅಂಗಡಿಯ ಹೆಸರಿಗೇ ಸೇರಿಸಿಬಿಡೋಣ ಅನ್ನಿಸಿತು. ಆದರೆ ಬೋರ್ಡಿನಲ್ಲಿ ಇರುವ ಹೆಸರೇ ಇರಬೇಕೆಂಬುದು ನಿಯಮ. ಹಾಗಾಗಿ ಆ ಪದಗಳನ್ನು ಸೇವೆಗಳ ಪಟ್ಟಿಯಲ್ಲಿ ಬರೆದೆ. ಹುಡುಕಿದ್ದಕ್ಕೆ ನಾವು ಎಷ್ಟು ಹೊಂದುತ್ತೇವೆ, ಎಷ್ಟು ದೂರದಲ್ಲಿದ್ದೇವೆ, ಎಷ್ಟು ಹೆಸರಾಗಿದ್ದೇವೆ ಎಂಬ ಮೂರನ್ನು ನೋಡಿ ಯಾರನ್ನು ಮೇಲೆ ತೋರಿಸಬೇಕೆಂದು ಗೂಗಲ್ ನಿರ್ಧರಿಸುತ್ತದೆ. ದೂರ ನನ್ನ ಕೈಯಲ್ಲಿಲ್ಲ.

ಹೆಸರು ಮಾಡುವುದು ಕೈಯಲ್ಲಿದೆ. ವಿಮರ್ಶೆ ಬರೆದವರಿಗೆ ರಿಯಾಯಿತಿ ಕೊಡು ಎಂದು ಕೆಲವರು ಹೇಳಿದರು. ಅದು ನಿಯಮಕ್ಕೂ ವಿರುದ್ಧ, ನನ್ನ ಮನಸ್ಸಿಗೂ ಒಗ್ಗದು. ಮೋಟಾರ್ ಕೊಡುವಾಗಲೂ ನಾನು ವಿಮರ್ಶೆ ಕೇಳುವುದಿಲ್ಲ. ತಾಮ್ರದ ತಂತಿ ಹೇಗಿದೆ, ವಾರ್ನಿಷ್ ಹಿಡಿದಿದೆಯೇ ಎಂಬುದು ನೀರೆತ್ತಿದ ಮೇಲೆ ತಾನೇ ತಿಳಿಯುವುದು? ಹದಿನೈದು ದಿನ ಬಿಟ್ಟು ಫೋನ್ ಮಾಡಿ, ಹೇಗೆ ಓಡುತ್ತಿದೆ ಎಂದು ವಿಚಾರಿಸಿ, ವಿಮರ್ಶೆ ಬರೆಯುವ ಲಿಂಕನ್ನು ಎಲ್ಲರಿಗೂ ಕಳುಹಿಸುತ್ತೇನೆ. ಎರಡು ತಿಂಗಳಲ್ಲೇ ಮೋಟಾರಿನ ತಿರುಗುವ ದಂಡವನ್ನು ಹಿಡಿದಿಡುವ ಬುಶ್ ಸವೆಯಿತೆಂದು ಒಬ್ಬರು ಒಂದೇ ನಕ್ಷತ್ರ ಕೊಟ್ಟಿದ್ದರು. ‘ತನ್ನಿ, ಬದಲಿಸಿಕೊಡುತ್ತೇನೆ’ ಎಂದು ಎಲ್ಲರಿಗೂ ಕಾಣುವಂತೆ ಉತ್ತರ ಬರೆದು, ಹಾಗೆಯೇ ಮಾಡಿದೆ. ಅದನ್ನು ಓದಿ ಬಂದೆವು ಎಂದ ಗಿರಾಕಿಗಳೂ ಇದ್ದಾರೆ.

ಕಳೆದ ಆಯುಧಪೂಜೆಗೆ ಎರಡು ದಿನ ಮೊದಲೇ ರಜೆಯನ್ನು ಪ್ರೊಫೈಲ್‌ನಲ್ಲಿ ಹಾಕಿದ್ದೆ. ಹಬ್ಬದ ಹಿಂದಿನ ಸಂಜೆ ಕೆರಗೋಡಿನಿಂದ ಕರೆ ಬಂತು: “ನಾಳೆ ರಜೆ ಎಂದು ತೋರಿಸುತ್ತಿದೆ, ಈಗಲೇ ತರಲೇ ಅಣ್ಣ?” ತನ್ನಿ ಎಂದೆ.